ಆಯಿ, ಕಾಪರ್ ಟಿ ಮತ್ತು ಕಮಲಾಪುರದ ಬಸ್ಸು

ಕಮಲಾಪುರದ ಬಸ್ಸು ರಸ್ತೆಯುಬ್ಬನ್ನು ದಡಕ್ಕನೆ ಹಾರಿದಾಗಲೆಲ್ಲ ನನಗೆ ನಗು ಬರುತ್ತದೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ, ಕಾರಣ ನಿಮಗೆ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಎಂಟು ತಿಂಗಳ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಓದಿದ್ದೇನೆ. ಬಿ.ಎ. ಕೊನೆಯ ವರ್ಷ ಬಾಕಿಯಿತ್ತು. ಇನ್ನೊಂದು ಬಸಿರು ನಿಂತರೆ ಓದು ಅಲ್ಲಿಗೇ ಮುಗಿಯಿತು. ಕಾಪರ್ ಟಿ ಹಾಕಿಸಿಕೊಳ್ಳುತ್ತೇನೆಂದರೆ ಅತ್ತೆಯವರಿಗೆ ಗಾಬರಿ: ಅದು ಮೇಲೇರಿ ಎದೆಗೆ ಚುಚ್ಚುತ್ತದಂತೆ, ಮುಂದೆ ಮಕ್ಕಳೇ ಆಗುವುದಿಲ್ಲವಂತೆ. ಗಂಡ, ನೀವಿಬ್ಬರೇ ನೋಡಿಕೊಳ್ಳಿ ಎಂದು ಕೆಲಸಕ್ಕೆ ಹೊರಟ.

ತವರು ಕಮಲಾಪುರಕ್ಕೆ ಹೋಗಿ, ಅಪ್ಪನ ತಾಯಿ ನಮ್ಮ ಆಯಿಯ ಮುಂದೆ ಗೋಳು ತೋಡಿಕೊಂಡೆ. ನಿಜಾಮರ ಕಾಲದಲ್ಲಿ ಒಂಬತ್ತು ಹೆತ್ತು ನಾಲ್ಕನ್ನು ಉಳಿಸಿಕೊಂಡವಳು ಆಕೆ. ಹದಿನೈದು ವರ್ಷ ಮನೆಯ ತೊಟ್ಟಿಲು ಕೆಳಗಿಳಿದಿರಲಿಲ್ಲವಂತೆ. "ನಡಿ, ಅದೇನದ ನಾ ನೋಡ್ತೀನಿ" ಎಂದು ಕಲಬುರಗಿಯ ದವಾಖಾನೆಗೆ ತಾನೇ ಕರೆದೊಯ್ದಳು.

ನರ್ಸಮ್ಮ ಒಂದು ಕಾಪರ್ ಟಿ ತೆಗೆದು ಆಯಿಯ ಅಂಗೈ ಮೇಲಿಟ್ಟಳು. ಆಯಿ ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟೇನಾ? ಇದು ಆಗ ಇದ್ದಿದ್ರ ನಾನೂ ನಾಕಕ್ಷರ ಕಲೀತಿದ್ದೆ."

ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ನರ್ಸಮ್ಮ ಬೇಸರಿಸದೆ ಹೇಳಿದಳು: ಎದೆಗೆ ಏರುವುದಿಲ್ಲ, ಗರ್ಭಚೀಲದಲ್ಲೇ ಇರುತ್ತದೆ; ಕೂಸಿಗೆ ಹಾಲು ಕಡಿಮೆಯಾಗುವುದಿಲ್ಲ; ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು, ಹೊಟ್ಟೆ ನೋಯಬಹುದು; ಜ್ವರ ಬಂದರೆ, ನೋವು ತಡೆಯದಾದರೆ ಕೂಡಲೇ ಬರಬೇಕು; ಬೇಡವೆಂದ ದಿನ ತೆಗೆಸಿದರಾಯಿತು, ಮತ್ತೆ ಬಸಿರಾಗಬಹುದು. ಡಾಕ್ಟರು ಪರೀಕ್ಷೆ ಮಾಡಿ ಹಾಕಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಇಷ್ಟೆಲ್ಲ ಕೇಳಿದ ಆಯಿ ಒಂದನ್ನು ಕೇಳಲು ಮರೆತಿದ್ದಳು. ವಾಪಸ್ ಬರುವಾಗ ಬಸ್ಸು ಕುಣಿಯತೊಡಗಿತು. ಆಯಿ ಎದ್ದು ನಿಂತು ಡ್ರೈವರನಿಗೆ ಹೇಳಿದಳು: "ತಮ್ಮಾ, ಸಾವಕಾಶ ಹೊಡಿ. ನಮ್ಮ ಹುಡುಗಿ ಕಾಪರ್ ಟಿ ಹಾಕಿಸ್ಕೊಂಡಾಳ, ಬಿದ್ದುಗಿದ್ದೀತು."

ಕುಲುಕಾಟಕ್ಕೆಲ್ಲ ಅದು ಬೀಳುವುದಿಲ್ಲ ಎಂದು ಗೊಣಗುತ್ತ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಡ್ರೈವರ್ ಪಾಪ, ಊರಿನವರೆಗೂ ಎತ್ತಿನ ಬಂಡಿಯಂತೆ ಹೊಡೆದ. ದಾರಿಯಲ್ಲಿ ಮುಂದಿನ ಸೀಟಿನ ಬುರ್ಖಾದ ಹೆಂಗಸು ತಿರುಗಿ, ಭಾಳ ನೋಯ್ತೇನವ್ವಾ ಎಂದು ಕೇಳಿದಳು. ಕೆಂಪು ಬಾಳೆಹಣ್ಣಿನ ಬುಟ್ಟಿಯವಳು ಬುಟ್ಟಿ ಬಿಟ್ಟು ಎದ್ದು ಬಂದಳು. ಆಯಿ ನರ್ಸಮ್ಮನ ಮಾತುಗಳನ್ನು ಒಂದೂ ತಪ್ಪದೆ ಒಪ್ಪಿಸಿದಳು. ಇಳಿಯುವಾಗ ಆ ಇಬ್ಬರೂ ದವಾಖಾನೆಯ ದಾರಿ ಕೇಳಿಕೊಂಡರು.

ಬಿ.ಎ. ಪಾಸಾದೆ. ಆಮೇಲೆ ಅದನ್ನು ತೆಗೆಸಿದೆ, ಮಗಳು ಹುಟ್ಟಿದಳು. ಪೇಡೆ ಹಂಚಿದವರು ಅತ್ತೆಯವರೇ.

ಈಗ ಆ ಮಗಳಿಗೂ ಒಂದು ಕೂಸು. ಮೊನ್ನೆ ಫೋನು ಮಾಡಿ, ತನ್ನ ಅತ್ತೆಗೆ ಕೇಳಿಸೀತೆಂದು ಪಿಸುಮಾತಿನಲ್ಲಿ ಇದನ್ನೇ ವಿಚಾರಿಸಿದಳು.

"ಪಿಸಿಪಿಸಿ ಯಾಕ ಮಾತಾಡ್ತಿ? ಸ್ಪೀಕರ್ ಹಚ್ಚು," ಎಂದೆ. "ನಿಮ್ಮ ಅತ್ತೀನೂ ಕರಿ."