ಕಟಿಂಗ್ ಮಾಸ್ತರು ಪಾಲಿಸಿ ಆರಿಸಿದ್ದು

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿರುವ ಕಟಿಂಗ್ ಮಾಸ್ತರು ಬಟ್ಟೆಯನ್ನು ಕಣ್ಣಿನಿಂದ ನೋಡುವುದಿಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಾರೆ. ಮೂರು ಆರೋಗ್ಯ ವಿಮೆ ಕಂಪನಿಗಳ ಬ್ರೋಷರ್ ಹಿಡಿದು ನಮ್ಮ ಮನೆಗೆ ಬಂದ ದಿನವೂ ಅದನ್ನೇ ಮಾಡಿದರು. ಗುಲಾಬಿಯದನ್ನು ಉಜ್ಜಿದರು, ಹಸಿರಿನದನ್ನು ಉಜ್ಜಿದರು, ನೀಲಿಯದರ ಮೇಲೆ ಬೆರಳು ನಿಂತಿತು.

"ಇದರ ಪೇಪರ್ ಗಟ್ಟಿ ಇದೆ."

"ಮಾಸ್ತ್ರೇ, ಪಾಲಿಸಿನ ಹೀಗೆ ಆರಿಸೋದಲ್ಲ."

"ಮತ್ತೆ ಹೇಗೆ? ಒಳಗಿರೋದು ಇಂಗ್ಲಿಷು, ಅದು ನಿನ್ನ ಡಿಪಾರ್ಟ್‌ಮೆಂಟು ಕಾನ್ವೆಂಟಮ್ಮ. ಹೊರಗಿನದು ನಂದು."

ಕಾನ್ವೆಂಟಮ್ಮ ಎಂದರೆ ನಾನು. ನಾನು ಓದಿದ ಕಾನ್ವೆಂಟಿನ ಯೂನಿಫಾರ್ಮ್ ತಯಾರಾಗುತ್ತಿದ್ದ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು ಅವರೇ. ಒಂದೇ ಲಂಗವನ್ನು ನಾನು ಮೂರು ತರಗತಿ ಹಾಕಿಕೊಂಡೆ, ಏಕೆಂದರೆ ಅಂಚಿನೊಳಗೆ ಮಾಸ್ತರು ಮಡಚಿಟ್ಟ ಬಟ್ಟೆ ವರ್ಷ ವರ್ಷ ಕೆಳಗಿಳಿಯುತ್ತಿತ್ತು. ನಾನು ಬೆಳೆದದ್ದಕ್ಕಿಂತ ಅದು ಬೆಳೆದದ್ದೇ ಹೆಚ್ಚು. ಜಾಸ್ತಿ ಬಿಟ್ಟರೆ ಒಳಗೆ ಮಡಚಬಹುದು, ಕಮ್ಮಿ ಬಿಟ್ಟರೆ ಯಾರಪ್ಪನ ಕೈಲೂ ಆಗಲ್ಲ ಅನ್ನುವುದು ಅವರ ವಾದ. ಈ ಅಭ್ಯಾಸ ಕತ್ತರಿಯಿಂದ ನಾಲಿಗೆಗೂ ಹತ್ತಿತ್ತು. ಎದೆ ಮೂವತ್ತನಾಲ್ಕು ಇದ್ದರೆ ಮೂವತ್ತಾರು ಎಂದು ಕೂಗುತ್ತಿದ್ದರು. ಊಟಕ್ಕೆ ನಾಲ್ಕು ಜನ ಬರುವುದಿದ್ದರೆ ಹೆಂಡತಿಗೆ ಆರು ಎನ್ನುತ್ತಿದ್ದರು. ಆಕೆ ನಾಲ್ವರಿಗೇ ಬೇಯಿಸುತ್ತಿದ್ದರು, ಸರಿಹೋಗುತ್ತಿತ್ತು.

ಈಗ ಸರಿಹೋಗಬೇಕಾಗಿದ್ದದ್ದು ಆಕೆಯ ಹೃದಯ. ನಾನು ಅಕ್ಕ ಎಂದು ಕರೆಯುವ ಆಕೆಗೆ ಎಂಟು ತಿಂಗಳ ಹಿಂದೆ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ಪರೀಕ್ಷೆಗಾಗಿ ಒಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡ ಡಾಕ್ಟರು, ಹೃದಯದ ಒಂದು ಕವಾಟ ಕಿರಿದಾಗುತ್ತಿದೆ, ಹೆಚ್ಚೆಂದರೆ ಎರಡು ವರ್ಷದಲ್ಲಿ ಬದಲಿಸಬೇಕಾಗುತ್ತದೆ ಎಂದರು. ಮಾಸ್ತರ ಕಾರ್ಖಾನೆಯ ವಿಮೆ ಇಬ್ಬರಿಗೂ ಇತ್ತು. ಆದರೆ ತಿಂಗಳ ಕೊನೆಗೆ ಮಾಸ್ತರಿಗೆ ಅರವತ್ತೈದು ತುಂಬಿ ನಿವೃತ್ತಿ, ಅದೇ ದಿನ ವಿಮೆಗೂ ನಿವೃತ್ತಿ.

"ಹಾಗಾದ್ರೆ ಈಗಲೇ ಆಪರೇಷನ್ ಮಾಡಿಸಿಬಿಡಿ," ಎಂದಿದ್ದೆ ನಾನು.

"ಕೇಳಿದೆ ಕಣಮ್ಮ. ಇನ್ನೂ ಅಷ್ಟು ಕೆಟ್ಟಿಲ್ಲವಂತೆ. ಕೆಡೋವರೆಗೂ ಮುಟ್ಟಲ್ವಂತೆ. ನಲವತ್ತು ವರ್ಷ ನನ್ನ ಜೊತೆ ಬಾಳಿದಾಳೆ, ಇನ್ನೂ ಎಷ್ಟು ಕೆಡಬೇಕು?"

ಮಗಳಿದ್ದಾಳೆ. ಅವಳ ಆಫೀಸಿನ ವಿಮೆಯಲ್ಲಿ ಅತ್ತೆ ಮಾವನಿಗೆ ಮೊದಲೇ ಜಾಗ ಕೊಟ್ಟಾಗಿತ್ತು, ಅಪ್ಪ ಅಮ್ಮನಿಗೆ ಉಳಿದಿರಲಿಲ್ಲ.

ನಾನು ಕನ್ನಡಕ ಏರಿಸಿ ಮೂರನ್ನೂ ಓದಿದೆ. ಹಸಿರು ಕಂಪನಿ ಮೊದಲ ದಿನದಿಂದಲೇ ಹೃದಯಕ್ಕೂ ಕೊಡುತ್ತದೆ, ಆದರೆ ಬಿಲ್ಲಿನ ಅರ್ಧ ನಾವೇ ಕಟ್ಟಬೇಕು. ಅರ್ಧ ಹೃದಯ ಮಾತ್ರ ರಿಪೇರಿ ಮಾಡಿಸುವ ಸೌಲಭ್ಯ ಇಲ್ಲದ್ದರಿಂದ ಅದು ಬಿದ್ದುಹೋಯಿತು. ಗುಲಾಬಿ ಕಂಪನಿ ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ, ಆದರೆ ಈಗಾಗಲೇ ಇರುವ ಕಾಯಿಲೆಗೆ ಹಣ ಕೊಡಲು ಮೂರು ವರ್ಷ ವೇಟಿಂಗ್ ಪೀರಿಯಡ್. ನಮ್ಮ ಕಾನ್ವೆಂಟಿನಲ್ಲಿ ಪೀರಿಯಡ್ ಎಂದರೆ ನಲವತ್ತು ನಿಮಿಷ, ಅದೇ ಮುಗಿಯುತ್ತಿರಲಿಲ್ಲ. ನೀಲಿ ಕಂಪನಿಯದು ಒಂದೇ ವರ್ಷ. ಪ್ರೀಮಿಯಂ ಕೇಳಿದರೆ ಯಮ ಕಣ್ಣಿಗೆ ಕಟ್ಟುತ್ತಾನೆ, ಹೆಸರಲ್ಲೇ ಅವನು ಅರ್ಧ ಬಂದಿದ್ದಾನೆ. ಆದರೂ ಡಾಕ್ಟರು ಹೇಳಿದ ಎರಡು ವರ್ಷದೊಳಗೆ ಅಕ್ಕನ ಕವಾಟಕ್ಕೆ ದಾರಿ ಇದ್ದದ್ದು ನೀಲಿಯಲ್ಲಿ ಮಾತ್ರ.

"ನಾನು ಉಜ್ಜಿದಾಗಲೇ ಹೇಳಲಿಲ್ವಾ?" ಎಂದರು ಮಾಸ್ತರು.

ಅರ್ಜಿಯನ್ನು ನಾನೇ ತುಂಬಿದೆ. ಹೆಸರು, ಎತ್ತರ, ತೂಕ. ಕಾಯಿಲೆಯ ವಿವರವನ್ನು ಕಂಪನಿಯವರೇ ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತಾರೆ ಎಂದು ಅರ್ಜಿಯಲ್ಲಿತ್ತು. ಅರ್ಜಿದಾರರೇ ಉತ್ತರಿಸಬೇಕು, ಬೇರೆಯವರು ನಡುವೆ ಮಾತನಾಡಬಾರದು ಎಂದೂ ಇತ್ತು.

ಫೋನು ಮೂರನೆಯ ದಿನ ಬೆಳಗ್ಗೆ ಬಂತು. ಮಾಸ್ತರು ನಮ್ಮ ಊಟದ ಮೇಜಿನ ಮೇಲೆ ಮೊಬೈಲನ್ನು ಬಟ್ಟೆಯ ತುಂಡಿನಂತೆ ಹಾಸಿ, ಸ್ಪೀಕರ್ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು. ಆ ಕಡೆ ಒಬ್ಬ ಹೆಣ್ಣುಮಗಳ ತುಂಬ ಮೃದುವಾದ ದನಿ.

"ಸರ್, ನಿಮ್ಮ ಪತ್ನಿಗೆ ಹೃದಯದ ತೊಂದರೆ ಯಾವಾಗಿಂದ ಇದೆ ಸರ್?"

ಮಾಸ್ತರು ಒಂದು ಕ್ಷಣ ಚಾವಣಿ ನೋಡಿದರು. "ಒಂದು ನಾಲ್ಕು ವರ್ಷ ಅಂತ ಬರ್ಕೊಳ್ಳಿ."

ನಾನು ಎರಡೂ ಕೈಯೆತ್ತಿ ಎಂಟು ಬೆರಳು ತೋರಿಸಿದೆ. ಅವರು ತಲೆಯಾಡಿಸಿದರು, ನನಗೆ ಸಮಾಧಾನವಾಗಲಿ ಎಂಬಂತೆ.

"ಆಸ್ಪತ್ರೆಗೆ ಎಷ್ಟು ಸಲ ದಾಖಲಾಗಿದ್ದರು ಸರ್?"

"ಎರಡು ಸಲ ಅಂದ್ಕೊಳ್ಳಿ."

"ನಡೆದರೆ ಏದುಸಿರು ಬರುತ್ತಾ ಸರ್?"

"ನಡೆದ್ರೂ ಬರುತ್ತೆ, ಕೂತ್ರೂ ಬರುತ್ತೆ."

"ಥ್ಯಾಂಕ್ಯೂ ಸರ್, ನಿಮ್ಮ ದಿನ ಶುಭವಾಗಿರಲಿ."

ಮೊಬೈಲು ಆರಿತು. ನನಗೆ ದನಿ ಬಂತು, ಬರಬೇಕಾದ ಹೊತ್ತು ಮೀರಿದ ಮೇಲೆ.

"ಏನ್ ಮಾಸ್ತ್ರೇ ಇದು! ಎಂಟು ತಿಂಗಳು ಹೋಗಿ ನಾಲ್ಕು ವರ್ಷ ಹೇಗಾಯ್ತು?"

"ಸ್ವಲ್ಪ ಬಿಟ್ಟು ಹೇಳಿದೆ ಕಣಮ್ಮ. ಕಮ್ಮಿ ಹೇಳಿ, ನಾಳೆ ಜಾಸ್ತಿ ಬಂದ್ರೆ ಮುಚ್ಚಿಟ್ರಿ ಅಂತಾರೆ. ಜಾಸ್ತಿ ಹೇಳಿ ಕಮ್ಮಿ ಬಂದ್ರೆ ಅವರಿಗೇ ಲಾಭ ತಾನೇ? ಯಾರು ಬೈತಾರೆ?"

ಯಾರೂ ಬೈಯಲಿಲ್ಲ. ಆರು ದಿನ ಬಿಟ್ಟು ಬಂದ ಪತ್ರದಲ್ಲಿ ಅತ್ಯಂತ ವಿನಯದಿಂದ, ಮಾಸ್ತರನ್ನು ಸೇರಿಸಿಕೊಳ್ಳಲು ಸಂತೋಷವೆಂದೂ ಕಾಯಿಲೆ ಇಷ್ಟು ಹಳೆಯದಾದ್ದರಿಂದ ಅವರ ಪತ್ನಿಯನ್ನು ಸೇರಿಸಿಕೊಳ್ಳಲು ವಿಷಾದವೆಂದೂ ಬರೆದಿತ್ತು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾಸ್ತರು ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದರೂ ಅದೇ ಇತ್ತು.

"ನನ್ನನ್ನ ಯಾಕೆ ತಗೊಂಡ್ರು? ನನಗೇನಾಗಿದೆ?"

ಮರುದಿನ ನಾವಿಬ್ಬರೂ ನೀಲಿ ಕಂಪನಿಯ ಆಫೀಸಿಗೆ ಹೋದೆವು. ಚೀಟಿಯ ನಂಬರು, ಸಾಲು ಕುರ್ಚಿ, ಗಾಜಿನ ಹಿಂದೆ ನನ್ನದೇ ವಯಸ್ಸಿನ ಒಬ್ಬ ಅಧಿಕಾರಿ. ಕೆಟ್ಟವರಲ್ಲ. ನಮಗೆ ನೀರು ತರಿಸಿದರು. ಡಾಕ್ಟರ ಚೀಟಿಯನ್ನೂ ಪರೀಕ್ಷೆಯ ಫೈಲನ್ನೂ ಪೂರ್ತಿ ನೋಡಿದರು.

"ಇದರಲ್ಲಿ ಎಂಟು ತಿಂಗಳು ಅಂತಿದೆ. ನೀವು ಫೋನಲ್ಲಿ ನಾಲ್ಕು ವರ್ಷ ಅಂದಿದೀರಿ. ಯಾವುದು ಸುಳ್ಳು ಸರ್?"

"ಸುಳ್ಳಲ್ಲ ಸ್ವಾಮಿ. ನಾನು ಕಟಿಂಗ್ ಮಾಸ್ತರ್. ಒಂದಿಂಚು ಜಾಸ್ತಿ ಬಿಡೋದು ನಮ್ಮ ರೂಢಿ. ಈಗ ಆ ಜಾಸ್ತೀನ ನೀವು ಒಳಗೆ ಮಡಚ್ಕೊಳ್ಳಿ."

ಅಧಿಕಾರಿಗೆ ನಗು ಬಂದಿತ್ತು. ಅದನ್ನು ನುಂಗಿಕೊಂಡದ್ದು ನನಗೆ ಕಾಣಿಸಿತು.

"ಸರ್, ನಿಮ್ಮ ಧ್ವನಿ ರೆಕಾರ್ಡ್ ಆಗಿದೆ. ನೀವೇ ಹೇಳಿದ್ದನ್ನ ನಾವು ತಿದ್ದೋ ಹಾಗಿಲ್ಲ. ಬೇಕಾದ್ರೆ ಆರು ತಿಂಗಳು ಬಿಟ್ಟು ಹೊಸ ಅರ್ಜಿ ಹಾಕಿ. ಹಿಂದೆ ಯಾರಾದ್ರೂ ತಿರಸ್ಕರಿಸಿದ್ರಾ ಅಂತ ಅದರಲ್ಲಿ ಕೇಳಿರುತ್ತೆ. ಹೌದು ಅಂತ ಬರೀಬೇಕು."

"ಹೌದು ಅಂತ ಬರೆದ್ರೆ?"

ಅವರು ನನ್ನ ಕಡೆ ನೋಡಿದರು. ಇಂಗ್ಲಿಷ್ ಬರುವವರು ಒಬ್ಬರನ್ನೊಬ್ಬರು ನೋಡುವ ನೋಟ ಅದು. ಬರೆದರೆ ಮತ್ತೆ ತಿರಸ್ಕಾರವೇ ಎಂದು ಅದರಲ್ಲಿತ್ತು. ಪಾಲಿಸಿ ಎಂಬ ಮಾತಿನಲ್ಲೇ ಆಜ್ಞೆ ಇದೆ, ಪಾಲಿಸಬೇಕಾದವರು ನಾವು ಮಾತ್ರ, ಎಂದು ಏನೋ ಒಂದು ತಮಾಷೆ ನಾಲಿಗೆಯ ತುದಿಗೆ ಬಂತು. ಮಾಸ್ತರ ಕೈ ಕೌಂಟರಿನ ಅಂಚನ್ನು ಉಜ್ಜುತ್ತಲೇ ಇತ್ತು.

ಅಲ್ಲಿಂದ ನೇರವಾಗಿ ಡಾಕ್ಟರ ಬಳಿ ಹೋದೆವು.

"ಡಾಕ್ಟ್ರೇ, ಎರಡು ವರ್ಷ ಅಂದಿದ್ರಲ್ಲ, ಅದನ್ನ ಸ್ವಲ್ಪ ಎಳೆದು ಮೂರಕ್ಕೆ ಹೊಂದಿಸಕ್ಕಾಗುತ್ತಾ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಎರಡು ಅಂದಿದ್ದೇ ನಾನು ಎಳೆದು ಹೇಳಿದ್ದು."

"ದೊಡ್ಡಾಸ್ಪತ್ರೇಲಿ? ಸರ್ಕಾರದ್ದು?"

"ಹೆಸರು ಬರೆಸಿಡಿ. ಅಲ್ಲೂ ಸಾಲು ಉದ್ದ ಇದೆ. ಭಾರ ಎತ್ತೋದು ಬೇಡ, ಮೆಟ್ಟಿಲು ಕಮ್ಮಿ ಮಾಡಿ, ನಿಧಾನವಾಗಿರಲಿ."

ಹೆಸರು ಬರೆಸಿ ಬಂದೆವು. ತಿಂಗಳು ಮುಗಿಯಲು ಎರಡು ದಿನವಿತ್ತು. ಉಳಿದದ್ದು ಗುಲಾಬಿ. ಅದನ್ನೂ ಬಿಟ್ಟರೆ ಹೃದಯವಲ್ಲದೆ ಮಿಕ್ಕ ಅಂಗಾಂಗಗಳೂ ಬೀದಿಪಾಲು. ಮಾಸ್ತರ ಮನೆಯ ಹೊಲಿಗೆ ಯಂತ್ರದ ಹಲಗೆಯ ಮೇಲೆ ಅರ್ಜಿ ಇಟ್ಟು ನಾನು ಓದುತ್ತಾ ಹೋದೆ. ಮಾಸ್ತರು ಇದ್ದದ್ದನ್ನು ಇದ್ದಷ್ಟೇ ಹೇಳಿದರು. ಎಂಟು ತಿಂಗಳು. ಒಂದು ಸಲ. ಪ್ರತಿ ಉತ್ತರಕ್ಕೂ ಮುಂಚೆ ಹೆಂಡತಿಯ ಮುಖ ನೋಡಿ, "ಅಷ್ಟೇ ಅಲ್ವೇನೇ?" ಎಂದು ಕೇಳಿಕೊಂಡರು. ಆದರೆ ಗುಲಾಬಿಗೆ ಎಂಟು ತಿಂಗಳೂ ಒಂದೇ, ನಾಲ್ಕು ವರ್ಷವೂ ಒಂದೇ.

"ರೀ, ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ?" ಎಂದರು ಅಕ್ಕ. "ಮೂರು ವರ್ಷ ತಾನೇ? ನಿಧಾನಕ್ಕೆ ನಡೀತೀನಿ ಬಿಡಿ."

"ನಿಧಾನ ಅಂದ್ರೆ ಏನಂತ ಗೊತ್ತಾ ನಿನಗೆ? ಜನ್ಮದಲ್ಲಿ ನಡೆದಿದೀಯಾ?"

"ಈಗ ಕಲೀತೀನಿ. ನೀವು ರುಜು ಹಾಕಿ."

ಹಾಕಿದರು. ಸಾಕ್ಷಿಯ ಜಾಗದಲ್ಲಿ ನಾನೂ ಹಾಕಿದೆ.

ಅದಾಗಿ ಹದಿನಾಲ್ಕು ತಿಂಗಳಾಯಿತು. ಮಾಸ್ತರು ಮೊದಲ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲು ಹಾಕಿಸಿದ್ದಾರೆ. ಹೊರಗೆ ಹೋಗುವ ಕೆಲಸವೆಲ್ಲ ತಮ್ಮದೇ ಎಂದು ಕಟ್ಟಪ್ಪಣೆ ಮಾಡಿದ್ದಾರೆ, ಆದರೂ ವಾರಕ್ಕೊಮ್ಮೆ ಅಕ್ಕ ಕದ್ದು ಇಳಿದುಬಿಡುತ್ತಾರೆ. ಮೊನ್ನೆ ನಾನು ಹತ್ತಿ ಬರುವಾಗ ಸ್ಟೂಲಿನ ಮೇಲೆ ಕುಳಿತಿದ್ದರು. ಕೈಯಲ್ಲಿ ಏನೂ ಇರಲಿಲ್ಲ, ತುಟಿ ಸ್ವಲ್ಪ ನೀಲಿಯಾಗಿತ್ತು.

"ಏನಕ್ಕಾ ಇಲ್ಲಿ?"

ಅವರು ಕೈಸನ್ನೆಯಲ್ಲೇ ತಡಿ ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಉಸಿರು ಉಳಿಸ್ತಾ ಇದೀನಿ ಕಣೇ," ಎಂದರು.

ಮೇಲಿನಿಂದ ಮಾಸ್ತರ ಕೂಗು ಬಂತು. "ಏನೇ, ಎಲ್ಲಿದೀಯಾ?"

ಅಕ್ಕ ಬಳೆಯಿಂದ ಕಬ್ಬಿಣದ ಕಂಬಿಯನ್ನು ಎರಡು ಸಲ ತಟ್ಟಿದರು. ಮೇಲೆ ಬಾಗಿಲು ತೆರೆಯಿತು, ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ನಾನು ಎಬ್ಬಿಸಲೆಂದು ಕೈ ಚಾಚಿದೆ. ಇನ್ನೂ ಬೇಡ ಎಂಬಂತೆ ಅವರು ತಲೆಯಲ್ಲಾಡಿಸಿದರು.