ನಡುನೀರಿನಲ್ಲಿ ನಿಂತ ಮೋಟಾರು, ಚಿಕ್ಕಮ್ಮ ಕೂಗಿದ ಮಾತು

ಹಿನ್ನೀರಿನ ನಟ್ಟನಡುವೆ ದೋಣಿಯ ಮೋಟಾರು ಎರಡು ಸಲ ಕೆಮ್ಮಿ ನಿಂತೇ ಹೋಯಿತು.

ತೊಂಬತ್ತರ ದಶಕದ ಮಾತು. ಪಾಂಡವಪುರ ಕಡೆಯ ದಡದಿಂದ ಕನ್ನಂಬಾಡಿ ಹಿನ್ನೀರು ದಾಟಿ, ಆಚೆ ಕೆ.ಆರ್. ಪೇಟೆ ಕಡೆ ಬಸ್ ಹತ್ತಿ, ಕಿಕ್ಕೇರಿಯ ನೆಂಟರ ಮನೆ ನಾಮಕರಣಕ್ಕೆ ಹೊರಟಿದ್ದೆವು. ದೋಣಿಯಲ್ಲಿ ಮೂರೇ ಜನ... ಚಿಕ್ಕಪ್ಪ, ಚಿಕ್ಕಮ್ಮ, ನಾನು.

ನಮ್ಮದು ಕುಲುಮೆ ಕೆಲಸದ ಮನೆತನ. ಎಲ್ಲಿಂದಲೋ ತಂದ ಹಳೇ ಮೋಟಾರನ್ನು ಚಿಕ್ಕಪ್ಪ ತಾವೇ ರಿಪೇರಿ ಮಾಡಿ ದೋಣಿಯ ಹಿಂಬದಿಗೆ ಕೂರಿಸಿದ್ದರು.

ಗೇರ್‌ನಲ್ಲಿದ್ದಾಗ ಸ್ಟಾರ್ಟ್ ಮಾಡುವ ಹಗ್ಗ ಎಳೆಯಲು ಬಿಡದಂತೆ ಅದರಲ್ಲೊಂದು ಲಾಕ್ ಇತ್ತು. ಪದೇ ಪದೇ ಸಿಕ್ಕಿಕೊಳ್ಳುತ್ತೆ ಅಂತ ಅದನ್ನು ಕಿತ್ತೇ ಹಾಕಿದ್ದರು ಪುಣ್ಯಾತ್ಮರು!

ಹಗ್ಗ ಎಳೆದರು, ಎಳೆದರು... ಊಹ್ಞೂಂ. ಪ್ಲಗ್ ಬಿಚ್ಚಿ ಪಂಚೆಯಲ್ಲಿ ಒರೆಸಿ ಹಾಕಿದರು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಮತ್ತೆ ಎಳೆದರು. ಗಾಳಿ ನಮ್ಮನ್ನು ಎತ್ತಲೋ ತಳ್ಳುತ್ತಿತ್ತು.

ಕೊನೆಗೆ ಪೆಟ್ರೋಲ್ ಪೈಪಿನ ಮಧ್ಯೆ ಇರುವ ರಬ್ಬರ್ ಉಂಡೆಯನ್ನು ಅಮುಕಿದರೆ, ಅದು ಚಪ್ಪಟೆಯಾಗಿ ಹಾಗೇ ಉಳಿಯಿತು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸ್ಕ್ರೂ ಬಿಗಿಯಾಗಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುತ್ತಿರಲಿಲ್ಲ.

"ಇದ್ನ್ಯಾರು ಬಿಗಿ ಮಾಡಿದ್ದು?" ಚಿಕ್ಕಪ್ಪ ಕೇಳಿದರು.

"ನಾನೇ ಕಣ್ರೀ," ಅಂದರು ಚಿಕ್ಕಮ್ಮ. "ಸ್ಟೌಗೆ ಪಂಪ್ ಒಡೆಯೋವಾಗ ತಿರುಗಿಸ್ತೀವಲ್ಲ, ಅಂಗೆ. ಸಡ್ಲ ಆಗಿತ್ತು, ವಾಸ್ನೆ ಬೇರೆ ಬರ್ತಿತ್ತು..."

"ಲೇ, ಇದ್ರಲ್ಲಿ ಅನ್ನ ಬೇಯಿಸ್ತೀಯೇನೇ?"

ಮೂವರೂ ನಕ್ಕೆವು. ಸ್ಕ್ರೂ ಸಡಿಲ ಮಾಡಿ, ಉಂಡೆ ಅಮುಕಿ, ಚಿಕ್ಕಪ್ಪ ಎದ್ದು ನಿಂತು ಒಂದೇ ಎಳೆತ ಎಳೆದರು.

ಮೋಟಾರು ಗೇರ್‌ನಲ್ಲೇ ಇತ್ತು. ಅದು ಯಾರ ತಲೆಗೂ ಹೊಳೆದಿರಲಿಲ್ಲ.

ದೋಣಿ ಎಗರಿತು. ಚಿಕ್ಕಪ್ಪ ನೀರಿಗೆ ಬಿದ್ದರು!

ಹಿಡಿಯುವವರಿಲ್ಲದ ಮೋಟಾರು ಒಂದು ಪಕ್ಕಕ್ಕೆ ತಿರುಗಿಕೊಂಡಿದೆ. ದೋಣಿ ಹುಚ್ಚೆದ್ದ ಗಾಣದೆತ್ತಿನ ಹಾಗೆ ಸುತ್ತು ಹೊಡೆದು, ಬಿದ್ದವರ ಕಡೆಗೇ ವಾಪಸ್ ಬರುತ್ತಿದೆ. ಅದರ ಹಿಂದೆ, ನೀರಿನಡಿಯಲ್ಲಿ ದೋಣಿಯನ್ನು ತಳ್ಳುವ ಆ ಕಬ್ಬಿಣದ ಫ್ಯಾನು...

ಮೊದಲನೇ ಸುತ್ತು ಅವರ ಪಕ್ಕದಲ್ಲೇ ಹಾದುಹೋಯಿತು.

ಆಫ್ ಮಾಡುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ತೆವಳಿಕೊಂಡು ಹೋಗಿ ಪೆಟ್ರೋಲ್ ಪೈಪ್ ಕಿತ್ತೆ. ಆದರೂ ನಿಲ್ಲಲಿಲ್ಲ! ಮೋಟಾರಿನೊಳಗೆ ಉಳಿದಿದ್ದ ಪೆಟ್ರೋಲಿನಲ್ಲೇ ಓಡುತ್ತಿದೆ.

ಎರಡನೇ ಸುತ್ತು. ಕಣ್ಣಿಗೆಲ್ಲ ನೀರು ನುಗ್ಗಿದ್ದ ಚಿಕ್ಕಪ್ಪ, ಎದುರಿಗೆ ಬರುತ್ತಿರುವ ದೋಣಿಯ ಅಂಚು ಹಿಡಿಯಲು ಕೈ ಎತ್ತಿದ್ದಾರೆ. ಹಿಡಿದರೆ ಅದು ಎಳೆದುಕೊಂಡು ಹೋಗಿ ಹಾಕುವುದು ನೇರ ಫ್ಯಾನಿನ ಬಾಯಿಗೇ.

ಚಿಕ್ಕಮ್ಮ ಕೂಗಿದರು.

"ಇಡ್ಕಬ್ಯಾಡಿ! ಮುಳುಗ್ರೀ... ಮುಳುಗ್ಬುಡ್ರೀ!"

ಎತ್ತಿದ ಕೈ ನೀರೊಳಗೆ ಹೋಯಿತು. ಅವರಿದ್ದ ಜಾಗದ ಮೇಲೇ ದೋಣಿ ಹಾದುಹೋಯಿತು.

ಸ್ವಲ್ಪ ದೂರ ಹೋಗಿ ಮೋಟಾರು ಕೆಮ್ಮಿತು, ನಿಂತಿತು. ತಿರುಗಿ ನೋಡಿದರೆ ಬರೀ ನೀರು.

ಆಮೇಲೆ ಒಂದು ತಲೆ ಮೇಲೆ ಬಂತು.

ಚಿಕ್ಕಪ್ಪ ಈಜಿಕೊಂಡು ಬಂದರು. ಇಬ್ಬರೂ ಸೇರಿ ಮೇಲೆಳೆದುಕೊಂಡೆವು. ಮೈಮೇಲೆ ಒಂದು ಗೀರೂ ಇಲ್ಲ. ಚಿಕ್ಕಮ್ಮ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

"ಬದ್ಕಿವ್ನಲ್ಲ, ಇನ್ಯಾಕೆ ಅಳ್ತೀಯಾ?" ಅಂದರು ಚಿಕ್ಕಪ್ಪ.

"ತಾಳಿ ಕಟ್ಟಿದೋರಿಗೆ ನನ್ ಬಾಯಲ್ಲಿ ಎಂಥ ಮಾತು ಬಂದ್ಬುಡ್ತು..."

"ನೀನು ಕೂಗ್ದೆ ಇದ್ದಿದ್ರೆ ದೋಣಿ ಇಡ್ಕಂಬುಡ್ತಿದ್ದೆ ಕಣೇ," ಅಂದರು ಚಿಕ್ಕಪ್ಪ. ಅಷ್ಟು ಹೇಳಿ ಅವರೂ ಅತ್ತುಬಿಟ್ಟರು.

ನೀರಿಗೆ ಬಿದ್ದ ಗಂಡನಿಗೆ ‘ಮುಳುಗು’ ಅಂತ ಕೂಗುವ ಧೈರ್ಯ, ಆ ಕ್ಷಣದಲ್ಲಿ ನಿಮಗೆ ಇರುತ್ತಿತ್ತಾ?