ಗೊಬ್ಬರದ ಚೀಲಗಳ ನಡುವಿನ ದೆವ್ವ

ನಿನ್ನೆ ಗದಗಿನಿಂದ ಮುಂಡರಗಿಗೆ ಬರುವ ಬಸ್ಸಿನಲ್ಲಿ ಪಕ್ಕದಾಕೆಯ ಮೊಬೈಲಿನಿಂದ ದೆವ್ವದ ಕತೆಯೊಂದು ಸಣ್ಣಗೆ ಕೇಳಿಸುತ್ತಿತ್ತು. ಓದುವ ದನಿ ನನಗೆ ಗುರುತಿನದೇ. ಆಕೆ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. 'ಅಂಜಬ್ಯಾಡ್ರಿ, ಓದೋ ಮನಶಾ ಮನಿಗೆ ಹೋಗಿ ರೊಟ್ಟಿ ತಿಂದು ಮಲಗ್ತಾನ' ಎಂದು ಹೇಳಬೇಕೆನಿಸಿತು. ಆದರೆ ನನಗೇ ಆ ಮಾತಿನ ಮೇಲೆ ಪೂರ್ತಿ ನಂಬಿಕೆಯಿಲ್ಲ ನೋಡಿ.

ನಾಲ್ಕೈದು ವರ್ಷದ ಹಿಂದೆ ಜಂಪರ್ ಹೊಲಿಸಲು ಹಸೀನಾಬಾಯಿಯ ಮನೆಗೆ ಹೋಗಿದ್ದೆ. ಆಕೆ ಹೊಲಿಗೆ ಯಂತ್ರದ ಪಕ್ಕ ಮೊಬೈಲ್ ಇಟ್ಟು ದೆವ್ವದ ಕತೆಗಳ ಪಾಡ್‌ಕಾಸ್ಟ್ ಹಚ್ಚಿದ್ದಳು. ಕತೆಯಲ್ಲಿ ಬಾಗಿಲು ಕಿರ್ರೆಂದಾಗೆಲ್ಲ ಯಂತ್ರ ನಿಲ್ಲುತ್ತಿತ್ತು. ನನ್ನ ಜಂಪರುಗಳು ತಡವಾಗುತ್ತಿದ್ದುದು ಇದಕ್ಕೇ ಇರಬೇಕು.

"ಕತಿ ಅಲ್ರಿ ಅಕ್ಕಾರ, ಈ ದನೀನ ಅಂಜಸತೈತಿ," ಎಂದಳು.

ಕೇಳಿದೆ. ಸತ್ತ ಹೆಂಡತಿಯೊಬ್ಬಳು ಅಡಿಗೆಮನೆಯಲ್ಲಿ ನಿಂತು ಗಂಡನನ್ನು ಊಟಕ್ಕೆ ಕರೆಯುತ್ತಿದ್ದಳು. ಓದುವವರು ಪ್ರತಿ ವಾಕ್ಯಕ್ಕೂ ಮುಂಚೆ ಮೂಗಿನಿಂದ ಸಣ್ಣಗೊಂದು ಉಸಿರು ಬಿಡುತ್ತಿದ್ದರು. ಆ ಉಸಿರು ನನಗೆ ಗೊತ್ತಿತ್ತು. ನಮ್ಮನೆಯವರದು.

ನಮ್ಮನೆಯವರು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಮಾತು ಅಷ್ಟಕ್ಕಷ್ಟೇ. ಮದುವೆಯಾದ ಹೊಸದರಲ್ಲಿ ನಾನದನ್ನು ಗಾಂಭೀರ್ಯ ಎಂದುಕೊಂಡಿದ್ದೆ, ಆಮೇಲೆ ಸಿಟ್ಟು ಎಂದುಕೊಂಡೆ, ಕೊನೆಗೆ ಏನಾದರೂ ಅಂದುಕೊಳ್ಳುವುದನ್ನೇ ಬಿಟ್ಟೆ. ಅಂಥವರು ಇಲ್ಲಿ ಹೆಂಗಸಿನಂತೆ ಅಳುತ್ತಿದ್ದರು, ಮುದುಕನಂತೆ ನಗುತ್ತಿದ್ದರು. ಹಸೀನಾಬಾಯಿಗೆ ಏನೂ ಹೇಳದೆ, ಅಳತೆ ಕೊಡುವುದನ್ನೂ ಮರೆತು ಮನೆಗೆ ಬಂದೆ.

ಅವತ್ತು ಸಂಜೆ ತಾಟು ಇಟ್ಟವಳಿಗೆ "ಊಟಕ್ಕ ಬರ್ರಿ" ಎಂದು ಕರೆಯಲು ಬಾಯಿಯೇ ಬರಲಿಲ್ಲ. ಅವರಾಗಿಯೇ ಬಂದು ಕೂತ ಮೇಲೆ ಕೇಳಿಬಿಟ್ಟೆ.

"ಮೊಬೈಲ್‌ನ್ಯಾಗ ಆ ಕತಿ ಓದೋರು ನೀವ ಏನ್ರಿ?"

ಅವರು ಬಹಳ ಹೊತ್ತು ಕೈ ಒರೆಸಿಕೊಂಡರು. "ಹೌದು. ಮಧ್ಯಾಹ್ನ ಗೋದಾಮಿನ್ಯಾಗ ಕುಂತು ಓದ್ತೀನಿ. ಸುತ್ತಲೂ ಚೀಲ ಇರ್ತಾವಲ್ಲ, ದನಿ ಗುಂಯ್ ಅನ್ನಂಗಿಲ್ಲ."

"ಹಂಗಾರ ನನ್ನ ಜೋಡಿ ಯಾಕ ಮಾತಾಡಂಗಿಲ್ಲ?"

"ಅಲ್ಲಿ ಯಾರೋ ಬರದಿದ್ದನ್ನ ಓದೋದು. ಇಲ್ಲಿ ಏನ್ ಅನಬೇಕಂತ ನನಗ ಯಾರು ಬರದು ಕೊಡ್ತಾರ?"

ಇದಕ್ಕೆ ಸಿಟ್ಟಾಗಬೇಕೋ ಮರುಗಬೇಕೋ, ನೀವೇ ಹೇಳಿ. ನಾನು ಸಾರು ಬಡಿಸಿದೆ. ಜಗಳಕ್ಕೆಂದು ವರ್ಷಗಟ್ಟಲೆ ಕೂಡಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ.

ಮರುವಾರ ನಾನೇ ಹೇಳಿದೆ, ಆ ಗೊಬ್ಬರದ ಘಾಟಿನಲ್ಲಿ ಕೂತು ಗಂಟಲು ಕೆಡಿಸಿಕೊಳ್ಳಬೇಡಿ, ಹಾಸಿಗೆ ಒಟ್ಟುವ ಕೋಣೆಯಲ್ಲೇ ಓದಿರೆಂದು. ಅಂದಿನಿಂದ ರವಿವಾರ ಮಧ್ಯಾಹ್ನ ಅವರು ಒಳಗೆ, ನಾನು ಬಾಗಿಲಾಚೆ. ಆ ಹೊತ್ತಿನಲ್ಲಿ ಕುಕ್ಕರ್ ಇಡುವುದಿಲ್ಲ, ಮಿಕ್ಸರ್ ಹಚ್ಚುವುದಿಲ್ಲ. ಇವತ್ತೂ ಹಾಗೇ ಕೂತಿದ್ದೆ. ಒಳಗೆ ಯಾರನ್ನೋ ಕೊಂದರು, ಬಿಕ್ಕಿ ಬಿಕ್ಕಿ ಅತ್ತರು, ಆಮೇಲೆ ಹೊರಗೆ ಬಂದು ನೀರು ಕುಡಿದು ನನ್ನ ಮುಖ ನೋಡಿದರು.

"ಹೆಂಗಾತು?"

"ಅಂಜಿಕಿ ಬಂತ್ರಿ."

ಅವರಿಗೆ ಖುಷಿಯಾಯಿತು. ಪಕ್ಕದಲ್ಲೇ ಕೂತು, ಎಲ್ಲಿ ಅಂಜಿಕೆ ಬಂತು, ಯಾವ ಮಾತಿಗೆ ಬಂತು ಎಂದು ಒಂದೊಂದೇ ಕೇಳತೊಡಗಿದರು. ಅಂಜಿಕೆ ಬಂದದ್ದು ಕತೆಯಿಂದಲೋ, ಅದನ್ನು ಓದಿದವರಿಂದಲೋ ಎಂಬುದು ಮಾತ್ರ ನನಗಿನ್ನೂ ಬಗೆಹರಿದಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.